ಬ್ರೂನೋಗೆ ಅನ್ನ ವರ್ಜ್ಯ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಏಕಾದಶಿ ಮಾಡುವವರು ಇಬ್ಬರೇ. ಮೂರನೇ ಮಹಡಿಯ ಅಜ್ಜಿ, ಆರನೇ ಮಹಡಿಯ ಬ್ರೂನೋ. ಅಜ್ಜಿಗೆ ಹದಿನೈದು ದಿನಕ್ಕೊಮ್ಮೆ ಅನ್ನ ವರ್ಜ್ಯ. ಲ್ಯಾಬ್ರಡಾರ್ ಬ್ರೂನೋಗೆ ವರ್ಷಪೂರ್ತಿ. ಅಕ್ಕಿ, ಗೋಧಿ, ಜೋಳ ಯಾವುದನ್ನೂ ಮೂಸುವ ಹಾಗಿಲ್ಲ. ಅಜ್ಜಿಗಾದರೂ ಪುಣ್ಯ ಬರುತ್ತದೆ. ಬ್ರೂನೋ ಯಜಮಾನರಿಗೆ ಬರುವುದು ಬಿಲ್ಲು.

"ಗ್ರೇನ್ ಫ್ರೀ, ಅಂದ್ರೆ ಧಾನ್ಯ ಇಲ್ದಿರೋದು, ಹೈ ಪ್ರೋಟೀನ್ ತಗೊಳ್ಳಿ ಸರ್. ನಿಮ್ಮ ಪಾಪು ಒಳಗೊಳಗೆ ತೋಳಾನೇ ಅಲ್ವಾ?" ಅಂದನಂತೆ ನಾಯಿ ಆಹಾರದ ಅಂಗಡಿ ಹುಡುಗ. ಪಾಪುಗೆ ನಾಲ್ಕು ವರ್ಷ, ತೂಕ 38 ಕೆಜಿ. ಚೀಲದ ಮೇಲೆ ಹಿಮದ ಬೆಟ್ಟದಲ್ಲಿ ಊಳಿಡುವ ತೋಳದ ಚಿತ್ರ. ಚೀಲದ ಫಲಾನುಭವಿಯೋ, ಕುಕ್ಕರ್ ಸೀಟಿ ಹೊಡೆದರೆ ಸೋಫಾ ಹಿಂದೆ ನುಗ್ಗುವ ಪ್ರಾಣಿ.

ತೋಳಕ್ಕೂ ನಾಯಿಗೂ ಹೊಟ್ಟೆಯಲ್ಲೇ ವ್ಯತ್ಯಾಸವಿದೆ ಅಂತ ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲೇ ತೋರಿಸಿದ್ದರು. ಪಿಷ್ಟ ಅರಗಿಸುವ ಜೀನ್ ತೋಳದಲ್ಲಿ ಸಾಮಾನ್ಯವಾಗಿ ಎರಡೇ ಪ್ರತಿ, ನಾಯಿಯಲ್ಲಿ ಅದರ ಎಷ್ಟೋ ಪಟ್ಟು. ಸಾವಿರಾರು ವರ್ಷ ನಮ್ಮ ಹಿತ್ತಲಲ್ಲಿ ಎಂಜಲು ತಿಂದು ಸಂಪಾದಿಸಿದ ಆಸ್ತಿ ಅದು. ಅಂಗಡಿಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ ಬಿಡಿ.

ಈಗ ಚೀಲ ತಿರುಗಿಸಿ, ಇರುವೆ ಗಾತ್ರದ ಅಕ್ಷರ ಓದಿ. ಮೊದಲು ಚಿಕನ್. ಆಮೇಲೆ ಬಟಾಣಿ, ಬಟಾಣಿ ಪಿಷ್ಟ, ಬಟಾಣಿ ನಾರು, ಕಾಬೂಲಿ ಕಡಲೆ, ಮಸೂರ್ ಬೇಳೆ, ಮರಗೆಣಸು. ಪಿಷ್ಟ ಇಲ್ಲದೆ ಮೆಷಿನ್‌ನಲ್ಲಿ ಆ ಗರಿಗರಿ ಗುಂಡು ನಿಲ್ಲುವುದೇ ಇಲ್ಲ. ಅಕ್ಕಿ ಹೋದ ಜಾಗಕ್ಕೆ ಬೇಳೆ ಬಂದು ಕೂತಿದೆ, ಅಷ್ಟೇ. ಹೆಚ್ಚು ತೂಕದ್ದು ಮೊದಲು ಬರುವ ಈ ಪಟ್ಟಿಯಲ್ಲಿ ಚಿಕನ್ ಮೊದಲ ಸ್ಥಾನದಲ್ಲಿರುವುದು ಹಸಿ ಮಾಂಸವನ್ನು ನೀರಿನ ಸಮೇತ ತೂಗಿದ್ದಕ್ಕೆ. ಬಟಾಣಿಯನ್ನು ಮೂರು ಹೆಸರಲ್ಲಿ ಒಡೆದಿದ್ದು ಅದು ಮೊದಲ ಸ್ಥಾನಕ್ಕೆ ಬಾರದಿರಲಿ ಅಂತ. 32% ಪ್ರೋಟೀನ್ ಅಂತ ಎದೆಯುಬ್ಬಿಸಿ ಬರೆದಿದ್ದಾರಲ್ಲ, ಅದರಲ್ಲಿ ಕೋಳಿಯದೆಷ್ಟು, ಬಟಾಣಿಯದೆಷ್ಟು? ಚೀಲ ಮೌನ. ಅಮೆರಿಕದ ಲೆಕ್ಕದಲ್ಲಿ, ತೇವಾಂಶ ಕಳೆದು, ವಯಸ್ಕ ನಾಯಿಗೆ ಕನಿಷ್ಠ 18% ಪ್ರೋಟೀನ್ ಇರಬೇಕು. ದಿನವಿಡೀ ಎಸಿ ರೂಮಲ್ಲಿ ಮಲಗುವ ಬ್ರೂನೋಗೆ ಪೈಲ್ವಾನನ ಊಟ ಯಾಕೆ ಅಂತ ಕೇಳಿದರೆ ಯಜಮಾನರಿಗೆ ಬೇಜಾರು.

"ಅಲರ್ಜಿ ಸರ್, ಗೋಧಿ ಅಲರ್ಜಿ!" ಅಂತಲೂ ಹೆದರಿಸಿದ್ದನಂತೆ ಆ ಹುಡುಗ. ನಾಯಿಗಳ ಆಹಾರ ಅಲರ್ಜಿಯಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದು ದನದ ಮಾಂಸ, ಹಾಲು, ಚಿಕನ್. ಗೋಧಿ ಆಮೇಲೆ. ಅಲರ್ಜಿಗೆ ಹೆದರಿ ತಂದ ಚೀಲದಲ್ಲಿ ಮೊದಲು ಇರುವುದೇ ಚಿಕನ್!

ಇತ್ತ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಇಂಥ ಬೇಳೆ-ಬಟಾಣಿ ಆಹಾರಕ್ಕೂ ನಾಯಿಗಳ ಹೃದಯದ ಕಾಯಿಲೆಗೂ ನಂಟಿದೆಯಾ ಅಂತ ಹುಡುಕಲು ಹೊರಟಿತು. ಮರುವರ್ಷ, ದೂರುಗಳಲ್ಲಿ ಹೆಚ್ಚು ಸಲ ಬಂದ 16 ಬ್ರ್ಯಾಂಡ್‌ಗಳ ಹೆಸರು ಹೊರಬಿತ್ತು. 2022ರ ಕೊನೆಗೆ, ಬಂದ ದೂರುಗಳಷ್ಟರಿಂದಲೇ ಇದೇ ಕಾರಣ ಅನ್ನಲಾಗದು ಎಂದಿತು. ಸಾಬೀತಾಗಿಲ್ಲ, ಪೂರ್ತಿ ತೊಳೆದೂ ಹೋಗಿಲ್ಲ. ಪಶುವೈದ್ಯರನ್ನು ಒಂದು ಮಾತು ಕೇಳಬಹುದಿತ್ತು. ಆದರೆ ವೈದ್ಯರು "ತೂಕ ಇಳಿಸಿ" ಅಂದುಬಿಡುತ್ತಾರೆ, ಆ ಭಯ.

ತಮಾಷೆ ಇರುವುದು ಗೇಟಿನಾಚೆ. 2025ರ ಜುಲೈನಲ್ಲಿ ಅಂದಿನ ಬಿಬಿಎಂಪಿ ಸುಮಾರು 5000 ಬೀದಿನಾಯಿಗಳಿಗೆ ದಿನಾ ಚಿಕನ್ ರೈಸ್ ಕೊಡುವ ಯೋಜನೆ ಹಾಕಿತು. 150 ಗ್ರಾಂ ಚಿಕನ್, 100 ಗ್ರಾಂ ಅನ್ನ, 100 ಗ್ರಾಂ ತರಕಾರಿ, ವರ್ಷಕ್ಕೆ 2.88 ಕೋಟಿ ರೂಪಾಯಿ. ನಮ್ಮ ವಾಟ್ಸಾಪ್ ಗ್ರೂಪ್ ಹೊತ್ತಿ ಉರಿಯಿತು. "ನಮ್ಮ ತೆರಿಗೆ ದುಡ್ಡಲ್ಲಿ ಬೀದಿನಾಯಿಗೆ ಬಿರಿಯಾನಿನಾ?" ಅಂತ ಮೊದಲು ಗುಡುಗಿದ್ದು ಆರನೇ ಮಹಡಿ. ಆ ತಟ್ಟೆಯಲ್ಲಿ ಏನೆಷ್ಟಿದೆ ಅಂತ ಗ್ರಾಂ ಲೆಕ್ಕದಲ್ಲಿ ಗೊತ್ತಿತ್ತು. ಬ್ರೂನೋ ಬಟ್ಟಲಿನ ವಿಷಯದಲ್ಲಿ ಆ ಭಾಗ್ಯವೂ ಇಲ್ಲ.

ಮುಧೋಳದ ಕಡೆ ಜೋಳದ ರೊಟ್ಟಿ, ಹಾಲು ತಿಂದು ಬೆಳೆದ ಬೇಟೆನಾಯಿಗಳು ಮೊಲದ ಹಿಂದೆ ಬಾಣದಂತೆ ಓಡುತ್ತಿದ್ದವು, ಸೈನ್ಯಕ್ಕೂ ಹೋದವು. ಇದನ್ನು ಹೇಳಿದೆ. ಯಜಮಾನರು "ಅದೆಲ್ಲಾ ಹಳ್ಳಿ ಕಡೆ ಸರಿ" ಅಂದರು.

ಮೊನ್ನೆ ಅದೇ ಅಂಗಡಿ ಹುಡುಗ ಹೊಸ ಚೀಲ ತೋರಿಸಿದನಂತೆ. ಹೆಸರು 'ಏನ್ಷಂಟ್ ಗ್ರೇನ್ಸ್', ಅಂದರೆ ಪುರಾತನ ಧಾನ್ಯ. ಒಳಗೆ ಜೋಳ, ಸಜ್ಜೆ. ಬೆಲೆ ಗ್ರೇನ್ ಫ್ರೀಗಿಂತ ಜಾಸ್ತಿ. ಯಜಮಾನರು ಎರಡು ಚೀಲ ಬುಕ್ ಮಾಡಿ ಬಂದಿದ್ದಾರೆ.