ಈಕಿ ನಾಟಕದಾಕಿ

ಬಳ್ಳಾರಿಯಲ್ಲಿ ಸಂಜೆ ಏಳರ ಮೇಲೆ ಯಾರ ಮನೆಗೂ ಹೋಗಬಾರದು. ಹೋದರೆ ಚಹಾ ಸಿಗುತ್ತದೆ, ಮಾತು ಸಿಗುವುದಿಲ್ಲ. ಅದು ಸೀರಿಯಲ್ ಹೊತ್ತು. ನಮ್ಮ ಚಿಕ್ಕಮ್ಮ ಮಾತ್ರ ಕಥೆಯನ್ನು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳುವವರಲ್ಲ. ಹೊಸ ಮುಖ ಬಂತೆಂದರೆ ಎರಡು ಮಾತು ಕೇಳಿ ತೀರ್ಪು ಕೊಟ್ಟುಬಿಡುತ್ತಾರೆ. "ಈಕಿ ನಾಟಕದಾಕಿ." ಇಲ್ಲಾ, "ಸುಮ್ನೆ ಚೆಂದ ಅದಾಳ, ಅಷ್ಟ."

'ಪುಟ್ಟಕ್ಕನ ಮಕ್ಕಳು' ಸೀರಿಯಲ್‌ನಲ್ಲಿ ಉಮಾಶ್ರೀ ಪುಟ್ಟಕ್ಕನಾಗಿ ಬಂದಾಗ ಎರಡು ಮಾತೂ ಬೇಕಾಗಲಿಲ್ಲ. ಸಿನಿಮಾದಲ್ಲಿ ನಗಿಸುತ್ತಿದ್ದ ಉಮಾಶ್ರೀ ಅವರಿಗೆ ಗೊತ್ತು, 'ಒಡಲಾಳ' ನಾಟಕದಲ್ಲಿ ಆಕೆ ಮಾಡಿದ ಸಾಕವ್ವ ಗೊತ್ತಿಲ್ಲ. ಆದರೂ ಹಿಡಿದುಬಿಟ್ಟರು. "ನೋಡು, ತನ್ನ ಪಾಳಿ ಯಾವಾಗ ಬರ್ತದ ಅಂತ ಕಾಯಾಕ ಹತ್ತಿಲ್ಲ. ಎದುರಿನಾಕಿ ಮಾತು ಕೇಳಾಕ ಹತ್ಯಾಳ."

ರಂಗನಟಿ ಸುಭದ್ರಮ್ಮ ಮನ್ಸೂರು ಅವರ ಹಾಡು ಕೇಳಿ ಪಳಗಿದ ಕಿವಿ ಅದು. 2020ರಲ್ಲಿ ತೀರಿಕೊಂಡ ಸುಭದ್ರಮ್ಮ ಇದೇ ಬಳ್ಳಾರಿಯವರು. ಆ ಕಾಲದ ನಾಟಕದಲ್ಲಿ ನಟಿಗೆ ಮುಖ ಇದ್ದರೆ ಸಾಲದು. ಹಾರ್ಮೋನಿಯಂನವ ಎತ್ತಿದ ಶ್ರುತಿಗೆ ತಾನೇ ಹಾಡಬೇಕು. ಒನ್ಸ್ ಮೋರ್ ಬಂತೋ, ಮತ್ತೆ ಹಾಡಬೇಕು. ಹಾಡು ಮುಗಿದ ಕೂಡಲೇ ಬಿಟ್ಟ ಜಾಗದಿಂದ ಅಳಬೇಕು! ಅದಕ್ಕೂ ಮೊದಲು ಹೆಣ್ಣಿನ ಪಾತ್ರಕ್ಕೂ ಗಂಡಸರೇ ಸೀರೆ ಉಡುತ್ತಿದ್ದರಲ್ವಾ? ಅದು ಬೇಡ, ಹೆಂಗಸರೇ ಬರಲಿ ಅಂದವರಲ್ಲಿ ನಮ್ಮೂರ ವಕೀಲರು, ನಟರು ಬಳ್ಳಾರಿ ರಾಘವ (1880–1946) ಒಬ್ಬರು.

ಟಿವಿಯ ಕಷ್ಟ ಬೇರೆ. ಒಂದು ಕೆಟ್ಟ ಸುದ್ದಿ ಬಂದರೆ ಕ್ಯಾಮೆರಾ ಮನೆಮಂದಿಯ ಮುಖವನ್ನೆಲ್ಲ ಸುತ್ತಿ ಬರುತ್ತದೆ, ಢಣ್ ಢಣ್ ಅಂತ. ಅಷ್ಟು ಹೊತ್ತೂ ಕಣ್ಣು ಅಗಲಿಸಿಕೊಂಡೇ ನಿಂತಿರಬೇಕು. ನಾಟಕದಲ್ಲಿ ಹಾಗೆ ನಿಂತರೆ ಹಿಂದಿನ ಸಾಲಿನವರು ಸಿಳ್ಳೆ ಹೊಡೆಯುತ್ತಾರೆ.

ಕೊಪ್ಪಳದ ಗವಿಮಠದ ಜಾತ್ರೆಗೆ ಹೋದಾಗ ಕಂಪನಿ ನಾಟಕದ ಬ್ಯಾನರ್ ಮೇಲೆ 'ಕಿರುತೆರೆ ಖ್ಯಾತಿಯ' ನಟಿಯೊಬ್ಬರ ದೊಡ್ಡ ಫೋಟೋ ಇತ್ತು. ಚಿಕ್ಕಮ್ಮ ಆಕೆಗಾಗಿಯೇ ಟಿಕೆಟ್ ತೆಗೆಸಿದರು. ಆಕೆ ಬಂದರು, ಕೈ ಮುಗಿದರು, ಒಂದು ಹಾಡಿಗೆ ಕುಣಿದು ಹೋದರು. ನಾಟಕ ಎಳೆದದ್ದು ಮಾತ್ರ ಕಂಪನಿಯ ಕಾಯಂ ನಟಿ. ಅತ್ತೆಯೂ ಅವರೇ, ಎರಡನೇ ಅಂಕದಲ್ಲಿ ಪೊಲೀಸಮ್ಮನೂ ಅವರೇ. ನಡುವೆ ಮೈಕ್ ಕೈಕೊಟ್ಟಿತು. ಅವರು ಮಾತು ನಿಲ್ಲಿಸಲಿಲ್ಲ, ಎರಡು ಹೆಜ್ಜೆ ಮುಂದೆ ಬಂದು ಗಂಟಲು ಏರಿಸಿದರು, ಅಷ್ಟೇ. ಮಿರ್ಚಿ ತಿನ್ನುತ್ತಿದ್ದವರೂ ಕೈ ನಿಲ್ಲಿಸಿದರು.

ಹೊರಗೆ ಬಂದ ಮೇಲೆ ಚಿಕ್ಕಮ್ಮ ಬ್ಯಾನರ್ ಮುಂದೆ ನಿಂತು ಆ ಹೆಣ್ಣುಮಗಳ ಫೋಟೋ ಹುಡುಕಿದರು. ಹಾಸ್ಯಗಾರನ ಮೊಣಕೈ ಹಿಂದೆ ಅರ್ಧ ಮುಖ ಸಿಕ್ಕಿತು. ಟಿಕೆಟ್ ಕೌಂಟರ್‌ನವನನ್ನು ಅಲ್ಲೇ ತರಾಟೆಗೆ ತೆಗೆದುಕೊಂಡರು.