ಪ್ರಸಂಗಪೀಠದಲ್ಲಿ ರಾಜಕೀಯ ಬೇಡ ಎನ್ನುವವರಿಗೆ

ನಿನ್ನೆ ಮಧ್ಯಾಹ್ನ ಊಟಕ್ಕೆ ಸೇರಿದ್ದ ಮನೆಯಲ್ಲಿ ಗೆಳೆಯರೊಬ್ಬರು ಜೆರಮೈಯಾ ರೈಟ್ ಅವರ ಅದೇ ಹಳೆಯ ತುಣುಕನ್ನು ಫೋನಿನಲ್ಲಿ ಹಾಕಿ ಎಲ್ಲರಿಗೂ ತೋರಿಸಿದರು. ಷಿಕಾಗೊದ ಕಪ್ಪು ಜನರ ಚರ್ಚೊಂದರ ಸಭಾಪಾಲಕರು ಅಮೆರಿಕಕ್ಕೆ ದೇವರ ಶಾಪ ತಟ್ಟಲಿ ಎಂದು ಪ್ರಸಂಗಪೀಠದಿಂದ ಕೂಗುವ, ಅರ್ಧ ನಿಮಿಷವೂ ಇಲ್ಲದ ತುಣುಕು ಅದು. "ದೇವರ ಮನೆಯಲ್ಲಿ ಜನಾಂಗ, ರಾಜಕೀಯ ಇವೆಲ್ಲ ಯಾಕೆ ಬರಬೇಕು? ಪೂಜೆ ಪೂಜೆಯಾಗಿರಲಿ" ಎಂದು ಮನೆಯ ಯಜಮಾನರು ಹೇಳಿದಾಗ ಉಳಿದವರೆಲ್ಲ ಹೌದೆಂದು ತಲೆಯಾಡಿಸಿದರು. ನಾನು ಎದುರಾಡಿದೆ. ಮಾತು ಜೋರಾಗುತ್ತಿದ್ದಂತೆ ಒಳಗೆ ಆಡುತ್ತಿದ್ದ ಮಕ್ಕಳು ಬಂದು ನಿಂತರು, ಚರ್ಚೆ ಅಲ್ಲಿಗೇ ಮುಗಿಯಿತು. ನನ್ನ ಸಿಟ್ಟು ಮುಗಿದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಆ ತುಣುಕು ಬಂದದ್ದು 2003ರ ಏಪ್ರಿಲ್ 13ರ ಪ್ರಸಂಗದಿಂದ. ಅಂದು ಗರಿಗಳ ಭಾನುವಾರ. ಇರಾಕಿನ ಮೇಲಿನ ದಾಳಿ ಆರಂಭವಾಗಿ ತಿಂಗಳೂ ತುಂಬಿರಲಿಲ್ಲ, ಬಾಗ್ದಾದ್ ಬಿದ್ದು ನಾಲ್ಕು ದಿನವಾಗಿತ್ತು. ಟ್ರಿನಿಟಿ ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್‌ನ ಸಭೆಯ ಮುಂದೆ ರೈಟ್ ಓದಿದ್ದು ಲೂಕನ ಸುವಾರ್ತೆಯ 19ನೇ ಅಧ್ಯಾಯವನ್ನು. ಸಮಾಧಾನಕ್ಕೆ ಬೇಕಾದುದು ಯಾವುದೆಂದು ಈ ಪಟ್ಟಣಕ್ಕೆ ತಿಳಿಯದೆ ಹೋಯಿತಲ್ಲ ಎಂದು ಯೇಸು ಯೆರೂಸಲೇಮನ್ನು ನೋಡಿ ಅಳುವ ಭಾಗವದು. ಸರ್ಕಾರವನ್ನೇ ದೇವರೆಂದು ಭ್ರಮಿಸಬೇಡಿ ಎಂಬುದು ಪ್ರಸಂಗದ ತಿರುಳು. ಸರ್ಕಾರಗಳು ಸುಳ್ಳು ಹೇಳುತ್ತವೆ, ದೇವರು ಹೇಳುವುದಿಲ್ಲ. ಸರ್ಕಾರಗಳು ಬದಲಾಗುತ್ತವೆ, ದೇವರು ಬದಲಾಗುವುದಿಲ್ಲ. ಸರ್ಕಾರಗಳು ಸೋಲುತ್ತವೆ, ದೇವರು ಸೋಲುವುದಿಲ್ಲ. ಈ ನೆಲದ ಮೂಲನಿವಾಸಿಗಳನ್ನು ಮೀಸಲು ಪ್ರದೇಶಗಳಿಗೆ ಅಟ್ಟಿದ್ದು, ಜಪಾನಿ ಮೂಲದ ಪ್ರಜೆಗಳನ್ನು ಯುದ್ಧಕಾಲದಲ್ಲಿ ಶಿಬಿರಗಳಲ್ಲಿ ಕೂಡಿಹಾಕಿದ್ದು, ಆಫ್ರಿಕನ್ನರನ್ನು ಸರಪಳಿಯಲ್ಲಿ ಬಿಗಿದದ್ದು ಒಂದಾದ ಮೇಲೊಂದು ಬರುತ್ತವೆ. ಇಷ್ಟೆಲ್ಲ ಆದ ಮೇಲೆ ಶಾಪದ ಮಾತು ಬರುತ್ತದೆ, ಅದೂ ಒಂದು ಷರತ್ತಿನೊಂದಿಗೆ: ಈ ದೇಶ ತಾನೇ ದೇವರು, ತಾನೇ ಸರ್ವೋಚ್ಚ ಎಂದು ನಡೆದುಕೊಳ್ಳುವ ತನಕ. ಆಮೋಸ, ಯೆರೆಮೀಯರನ್ನು ಓದಿದವರಿಗೆ ಈ ಧಾಟಿ ಹೊಸದೇನಲ್ಲ. ಪ್ರವಾದಿಗಳು ಬೈದದ್ದು ಪರದೇಶವನ್ನಷ್ಟೇ ಅಲ್ಲ, ತಮ್ಮದೇ ರಾಜನನ್ನು, ತಮ್ಮದೇ ಜನರನ್ನು. 2008ರ ಮಾರ್ಚ್‌ನಲ್ಲಿ ಟಿವಿಯವರು ಇಷ್ಟನ್ನೂ ಕತ್ತರಿಸಿ ಶಾಪವೊಂದನ್ನೇ ಉಳಿಸಿಕೊಂಡರು, ಏಕೆಂದರೆ ಆ ಚರ್ಚಿನ ಸದಸ್ಯ ಬರಾಕ್ ಒಬಾಮಾ ಆಗ ಅಧ್ಯಕ್ಷ ಪದವಿಗೆ ಸ್ಪರ್ಧಿಸುತ್ತಿದ್ದರು.

ಹಾಗೆ ಕತ್ತರಿಸಿದ ತುಣುಕನ್ನು ಇಟ್ಟುಕೊಂಡು ಒಬ್ಬ ಮನುಷ್ಯನನ್ನು ದೇಶದ್ರೋಹಿ ಎನ್ನುವುದು ಅನ್ಯಾಯ. ಈ ರೈಟ್ ಕಾಲೇಜು ಬಿಟ್ಟು ಸೇನೆ ಸೇರಿ ಮೊದಲು ಮರೀನ್ ಪಡೆಯಲ್ಲಿ, ಆಮೇಲೆ ನೌಕಾಪಡೆಯಲ್ಲಿ ಆರು ವರ್ಷ ದುಡಿದವರು. ಅಧ್ಯಕ್ಷ ಲಿಂಡನ್ ಜಾನ್ಸನ್ ಅವರಿಗೆ 1966ರಲ್ಲಿ ಶಸ್ತ್ರಚಿಕಿತ್ಸೆಯಾದಾಗ ಅವರ ಆರೈಕೆಯ ತಂಡದಲ್ಲಿದ್ದವರು. 1972ರಲ್ಲಿ ಅವರು ಟ್ರಿನಿಟಿಗೆ ಬಂದಾಗ ಅಲ್ಲಿದ್ದದ್ದು 87 ಸದಸ್ಯರು, ನಿವೃತ್ತರಾಗುವ ಹೊತ್ತಿಗೆ ಆರು ಸಾವಿರಕ್ಕೂ ಹೆಚ್ಚು. ಬಿಳಿಯರನ್ನು ದ್ವೇಷಿಸುವ ಚರ್ಚ್ ಎಂದು ನಿನ್ನೆ ಯಾರೋ ಹೇಳಿದರು. ಟ್ರಿನಿಟಿ ಸೇರಿರುವ ಪಂಗಡದಲ್ಲಿ ಬಹುಪಾಲು ಸದಸ್ಯರು ಬಿಳಿಯರೇ ಎಂಬುದು ಹೇಳಿದವರಿಗೆ ಗೊತ್ತಿರಲಿಲ್ಲ.

ಇನ್ನು "ಪೂಜೆ ಪೂಜೆಯಾಗಿರಲಿ" ಎಂಬ ಮಾತು. ಕಪ್ಪು ಜನರಿಗೆ ಪ್ರತ್ಯೇಕ ಚರ್ಚ್ ಯಾಕೆ ಬೇಕಾಯಿತು ಎಂದು ಕೇಳಿಕೊಂಡವರು ಈ ಮಾತನ್ನು ಆಡಲಾರರು. ಹದಿನೆಂಟನೇ ಶತಮಾನದ ಕೊನೆಯಲ್ಲಿ ಫಿಲಡೆಲ್ಫಿಯಾದ ಸೇಂಟ್ ಜಾರ್ಜ್ ಮೆಥಡಿಸ್ಟ್ ಚರ್ಚಿನಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಆಬ್ಸಲೋಮ್ ಜೋನ್ಸ್ ಅವರನ್ನು, ಇದು ನಿಮ್ಮ ಜಾಗವಲ್ಲ ಎಂದು ಚರ್ಚಿನ ಮೇಲ್ವಿಚಾರಕರು ಹಿಡಿದೆಬ್ಬಿಸಿದರು. ಪ್ರಾರ್ಥನೆ ಮುಗಿಯುವವರೆಗೆ ತಡೆಯಿರಿ ಎಂದು ಅವರು ಕೇಳಿಕೊಂಡರೂ ತಡೆಯಲಿಲ್ಲ. ಅಲ್ಲಿಂದ ಎದ್ದು ಹೊರನಡೆದವರಲ್ಲಿ ರಿಚರ್ಡ್ ಆಲನ್ ಒಬ್ಬರು. ಅವರು 1794ರಲ್ಲಿ ಬೆತೆಲ್ ಚರ್ಚನ್ನು ಕಟ್ಟಿದರು, 1816ರಲ್ಲಿ ಅದರಿಂದ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಪಂಗಡವೇ ಹುಟ್ಟಿತು. 1807ರಲ್ಲಿ ಲಂಡನ್ನಿನಲ್ಲಿ ಕೆರಿಬಿಯನ್ ದ್ವೀಪಗಳ ಗುಲಾಮರಿಗೆಂದೇ ಅಚ್ಚಾದ ಸತ್ಯವೇದದಲ್ಲಿ ಇಸ್ರಾಯೇಲ್ಯರು ಫರೋಹನ ಕೈಯಿಂದ ಬಿಡುಗಡೆಯಾದ ಕಥೆಯನ್ನೇ ತೆಗೆದುಹಾಕಿದ್ದರು. ದಾಸರು ಯಜಮಾನರಿಗೆ ವಿಧೇಯರಾಗಿರಬೇಕೆಂಬ ವಾಕ್ಯ ಮಾತ್ರ ಇದ್ದಲ್ಲೇ ಇತ್ತು. ಧರ್ಮದೊಳಗೆ ರಾಜಕೀಯವನ್ನು ತಂದವರು ಯಾರು? ಹಿಡಿದೆಬ್ಬಿಸಿದವರೇ, ಎದ್ದು ಹೋದವರೇ?

ನಮ್ಮ ಮನೆತನದ ವಿಚಾರ ಇದನ್ನು ಓದುವ ಬಹುತೇಕರಿಗೆ ಗೊತ್ತು. ಮುತ್ತಜ್ಜನ ಕಾಲದಲ್ಲಿ ನಮ್ಮ ಕೇರಿಗೆ ಕೇರಿಯೇ ಕ್ರೈಸ್ತರಾದರೂ ಊರ ಚರ್ಚಿನಲ್ಲಿ ಅಜ್ಜಿಗೆ ಕೊನೆಯವರೆಗೂ ಹಿಂದಿನ ಸಾಲೇ ಗತಿಯಾಯಿತು. ಪ್ರಭುಭೋಜನದ ಪಾತ್ರೆ ಮುಂದಿನ ಸಾಲಿನವರೆಲ್ಲ ಕುಡಿದಾದ ಮೇಲೆ ಅವರ ಹತ್ತಿರ ಬರುತ್ತಿತ್ತು. ಅವರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಎರಡೂ ಕೈ ಚಾಚಿ, ತುಟಿಗೆ ತಾಗಿತೋ ಇಲ್ಲವೋ ಎಂಬಂತೆ ಕುಡಿದು ಪಾತ್ರೆಯನ್ನು ಹಿಂದಕ್ಕೆ ಕೊಡುತ್ತಿದ್ದರು. ಆ ಚರ್ಚಿನ ಪ್ರಸಂಗಗಳಲ್ಲಿ ರಾಜಕೀಯ ಎಂದೂ ಬರುತ್ತಿರಲಿಲ್ಲ. ಜಾತಿ ಎಂಬ ಶಬ್ದವನ್ನು ನಾನು ಅಲ್ಲಿ ಕೇಳಿದ ನೆನಪೇ ಇಲ್ಲ. ಮುಂದಿನ ಸಾಲಿನಲ್ಲಿ ಕೂತವರಿಗೆ ಅದು ಶುದ್ಧ ಭಕ್ತಿಯಾಗಿತ್ತು, ಅಜ್ಜಿಯ ಬಾಯಿ ಕಟ್ಟಿದ್ದೂ ಅದೇ ಶುದ್ಧ ಭಕ್ತಿ. ನಿನ್ನೆ ನನ್ನ ದನಿ ಯಾಕೆ ಏರಿತು ಎಂದು ಕೇಳಿದವರಿಗೆ ಇದೇ ಉತ್ತರ.

ಕಪ್ಪು ಜನರ ದೈವಶಾಸ್ತ್ರದ ಈ ವಾದ ನಮ್ಮ ಊರಿಗೂ ಬಂದಿದೆ. ದೇವರು ತುಳಿತಕ್ಕೊಳಗಾದವರ ಪಕ್ಷದಲ್ಲಿದ್ದಾನೆ ಎಂದು ಅಮೆರಿಕದ ಕಪ್ಪು ದೈವಶಾಸ್ತ್ರಜ್ಞ ಜೇಮ್ಸ್ ಕೋನ್ 1969ರಿಂದ ಬರೆಯತೊಡಗಿದ ಮೇಲೆ, 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಅವರು ಶೂದ್ರ ದೈವಶಾಸ್ತ್ರದ ಕುರಿತು ಉಪನ್ಯಾಸ ಕೊಟ್ಟರು. ಮುಂದೆ ದಲಿತ ದೈವಶಾಸ್ತ್ರವೆಂದು ಬೆಳೆದದ್ದು ಅದೇ. ನಮ್ಮ ಅಪ್ಪನ ತಲೆಮಾರಿನ ಸಭಾಪಾಲಕರಿಗೆ ಅದು ಉಸಿರಾಡಲು ಜಾಗ ಕೊಟ್ಟಿತು.

ಸಹೋದ್ಯೋಗಿಯೊಬ್ಬರು ನನ್ನನ್ನು ನಾವಿರುವ ಷಿಕಾಗೊದ ದಕ್ಷಿಣ ಭಾಗದ ತಮ್ಮ ಚರ್ಚಿಗೆ ಕರೆದುಕೊಂಡು ಹೋಗಿದ್ದರು. ಬಿಳಿಯ ಕೈಗವಸು ತೊಟ್ಟ ವಯಸ್ಸಾದ ಹೆಂಗಸೊಬ್ಬರು ಬಾಗಿಲಲ್ಲೇ ನನ್ನ ಕೈ ಹಿಡಿದು ಮುಂದಿನ ಸಾಲಿಗೆ ಕರೆದೊಯ್ದು ಕೂರಿಸಿದರು. ಪ್ರಾರ್ಥನೆಯಲ್ಲಿ ಆಸ್ಪತ್ರೆಯಲ್ಲಿದ್ದವರ ಹೆಸರುಗಳು ಬಂದವು, ಬೆನ್ನಿಗೇ ಜೈಲಿನಲ್ಲಿರುವ ಮಕ್ಕಳ ಹೆಸರುಗಳು; ಒಂದೊಂದು ಹೆಸರಿಗೂ ಸಭೆಯ ಯಾವುದೋ ಮೂಲೆಯಿಂದ ಒಂದು ಹೆಣ್ಣು ದನಿ "ಕರ್ತನೇ" ಎನ್ನುತ್ತಿತ್ತು. ಆಮೇಲಿನ ಪ್ರಕಟಣೆಗಳಲ್ಲಿ, ಮತದಾರರ ಪಟ್ಟಿಗೆ ಹೆಸರು ಸೇರಿಸುವ ಮೇಜು ಹೊರಗೆ ಹಜಾರದಲ್ಲಿದೆ ಎಂದು ಹೇಳಿದರು. ಇದರಲ್ಲಿ ಧರ್ಮ ಎಲ್ಲಿ ಮುಗಿದು ರಾಜಕೀಯ ಎಲ್ಲಿ ಶುರುವಾಯಿತೆಂದು ಗೆರೆ ಎಳೆಯಲು ನನ್ನಿಂದಾಗದು. ಅಲ್ಲಿ ಕೂತಿದ್ದ ತಾಯಂದಿರಿಗೆ ಅಂಥ ಗೆರೆ ಬೇಕಾಗಿಯೂ ಇರಲಿಲ್ಲ. ಕಾನೂನಿನ ಮಾತು ತೆಗೆಯುವವರು ಗಮನಿಸಬೇಕು: 1954ರ ಜಾನ್ಸನ್ ತಿದ್ದುಪಡಿ ತಡೆದದ್ದು ತೆರಿಗೆ ವಿನಾಯಿತಿ ಪಡೆದ ಸಂಸ್ಥೆಗಳು ಅಭ್ಯರ್ಥಿಗಳ ಪರ ಅಥವಾ ವಿರುದ್ಧ ಪ್ರಚಾರ ಮಾಡುವುದನ್ನು, ನ್ಯಾಯ ಅನ್ಯಾಯದ ಮಾತನ್ನಲ್ಲ.

ರೈಟ್ ಹೇಳಿದ್ದೆಲ್ಲ ಸರಿಯೇ ಎಂದು ಕೇಳುತ್ತೀರಿ. ಅಲ್ಲ. ಕಪ್ಪು ಜನರನ್ನು ಕೊಲ್ಲಲು ಸರ್ಕಾರವೇ ಎಚ್‌ಐವಿ ವೈರಸ್ಸನ್ನು ಸೃಷ್ಟಿಸಿತು ಎಂಬ ಅವರ ಮಾತು ಶುದ್ಧ ಸುಳ್ಳು, ಮತ್ತು ಪ್ರಸಂಗಪೀಠದಿಂದ ಬಂದ ಸುಳ್ಳು ಹೆಚ್ಚು ಹಾನಿ ಮಾಡುತ್ತದೆ. ಆದರೆ ಸಭೆ ಅದನ್ನು ಯಾಕೆ ನಂಬಿತು ಎಂದೂ ಕೇಳಬೇಕು. ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸರ್ಕಾರಿ ಆರೋಗ್ಯ ಇಲಾಖೆ ಸಿಫಿಲಿಸ್ ಇದ್ದ 399 ಕಪ್ಪು ಗಂಡಸರನ್ನು, ಪೆನಿಸಿಲಿನ್ ಬಂದ ಮೇಲೂ ಔಷಧ ಕೊಡದೆ, ರೋಗ ಹೇಗೆ ಬೆಳೆಯುತ್ತದೆಂದು ನೋಡುತ್ತ ಕೂತಿತ್ತು. ಆ ಪ್ರಯೋಗ ನಿಂತದ್ದು ರೈಟ್ ಟ್ರಿನಿಟಿಗೆ ಬಂದ ವರ್ಷವೇ. ಒಂದು ಸುಳ್ಳನ್ನು ತಿದ್ದುವುದು ಬೇರೆ, ಅದನ್ನೇ ನೆಪ ಮಾಡಿಕೊಂಡು ಮೂವತ್ತಾರು ವರ್ಷಗಳ ಬೋಧನೆಯನ್ನು ಕಸದ ಬುಟ್ಟಿಗೆ ಎಸೆಯುವುದು ಬೇರೆ.

ಇದೇ ತಕ್ಕಡಿಯಲ್ಲಿ ಬಿಳಿಯ ಬೋಧಕರನ್ನು ಯಾರೂ ತೂಗುವುದಿಲ್ಲ ಎಂಬುದೇ ನನ್ನ ದೂರು. 2001ರ ಸೆಪ್ಟೆಂಬರ್ 13ರಂದು ಜೆರಿ ಫಾಲ್ವೆಲ್ ಟಿವಿಯಲ್ಲಿ ಕೂತು, ಅವಳಿ ಗೋಪುರಗಳು ಉರುಳಿದ್ದಕ್ಕೆ ಗರ್ಭಪಾತ ಮಾಡುವವರು, ಸ್ತ್ರೀವಾದಿಗಳು, ಸಲಿಂಗಿಗಳೂ ಕಾರಣರು ಎಂದರು. ಆಮೇಲೆ ಕ್ಷಮೆ ಕೇಳಿದರು, ಅವರ ಪ್ರಭಾವಕ್ಕೆ ಕುಂದೇನೂ ಬರಲಿಲ್ಲ. ಮೂರು ದಿನಗಳ ನಂತರ ರೈಟ್ 137ನೇ ಕೀರ್ತನೆಯನ್ನು ಎತ್ತಿಕೊಂಡರು. ಶತ್ರುಗಳ ಕೂಸುಗಳನ್ನು ಬಂಡೆಗೆ ಅಪ್ಪಳಿಸುವವನು ಧನ್ಯನು ಎಂಬ ಅದರ ಕೊನೆಯ ವಾಕ್ಯವನ್ನು ತೋರಿಸಿ, ಭಕ್ತಿ ಹೇಗೆ ಸೇಡಾಗಿ ತಿರುಗುತ್ತದೆ ನೋಡಿ ಎಂದು ಎಚ್ಚರಿಸಿದರು; ಹಿಂಸೆ ಹಿಂಸೆಯನ್ನೇ ಹೆರುತ್ತದೆ, ಇದು ನಮ್ಮನ್ನು ನಾವು ಪರೀಕ್ಷಿಸಿಕೊಳ್ಳುವ ಹೊತ್ತು ಎಂದರು. ಅದರಿಂದಲೂ ಒಂದು ತುಣುಕನ್ನಷ್ಟೇ ಕತ್ತರಿಸಿಕೊಂಡರು.

"ಮಾರ್ಟಿನ್ ಲೂಥರ್ ಕಿಂಗ್ ಹೀಗೆ ಮಾತಾಡುತ್ತಿರಲಿಲ್ಲ" ಎಂದೂ ನಿನ್ನೆ ಕೇಳಿಬಂತು. ಜಗತ್ತಿನಲ್ಲಿ ಅತಿ ಹೆಚ್ಚು ಹಿಂಸೆ ಹಂಚುತ್ತಿರುವುದು ನನ್ನದೇ ಸರ್ಕಾರ ಎಂದು 1967ರ ಏಪ್ರಿಲ್ 4ರಂದು ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ ಹೇಳಿದವರು ಕಿಂಗ್ ಅವರೇ. ಅಮೆರಿಕ ಯಾಕೆ ನರಕಕ್ಕೆ ಹೋಗಬಹುದು ಎಂಬುದು ಅವರು ಕೊಲೆಯಾದ ವಾರದ ಭಾನುವಾರ ಮಾಡಬೇಕೆಂದಿದ್ದ ಪ್ರಸಂಗದ ಶೀರ್ಷಿಕೆ. ಕಪ್ಪು ಚರ್ಚ್‌ಗಳೆಲ್ಲ ಅವರ ಬೆನ್ನಿಗಿದ್ದವು ಎಂದೂ ಅಲ್ಲ. ಅತಿ ದೊಡ್ಡ ಕಪ್ಪು ಬ್ಯಾಪ್ಟಿಸ್ಟ್ ಒಕ್ಕೂಟದ ಅಧ್ಯಕ್ಷರಾಗಿದ್ದ ಜೋಸೆಫ್ ಜಾಕ್ಸನ್, ಕಿಂಗ್ ಅವರ ಕಡುವಿರೋಧಿಯಾಗಿದ್ದರು. ಆ ಜಗಳದಲ್ಲಿ 1961ರಲ್ಲಿ ಒಕ್ಕೂಟವೇ ಒಡೆಯಿತು. ಕಿಂಗ್ ತೀರಿಕೊಂಡ ಮೇಲೆ ಜಾಕ್ಸನ್ ಅವರ ಒಲಿವೆಟ್ ಚರ್ಚಿನ ಮುಂದಿನ ರಸ್ತೆಗೆ ಕಿಂಗ್ ಹೆಸರಿಟ್ಟಾಗ, ಆ ಹೆಸರು ತಮ್ಮ ವಿಳಾಸದಲ್ಲಿ ಬರಬಾರದೆಂದು ಅವರು ಚರ್ಚಿನ ವಿಳಾಸವನ್ನು ಪಕ್ಕದ 31ನೇ ಬೀದಿಗೆ ಬದಲಿಸಿಕೊಂಡರು. ಇದು ನಾವಿರುವ ಇದೇ ಷಿಕಾಗೊದಲ್ಲಿ ನಡೆದದ್ದು. ಧರ್ಮ ಮತ್ತು ರಾಜಕೀಯದ ವಾದವನ್ನು ಆ ಜನ ತಮ್ಮೊಳಗೇ ಇಷ್ಟು ಕಠಿಣವಾಗಿ ನಡೆಸಿದ್ದಾರೆ.

ಒಬಾಮಾ 2008ರ ಮಾರ್ಚ್ 18ರಂದು ಫಿಲಡೆಲ್ಫಿಯಾದಲ್ಲಿ, ರೈಟ್ ಅವರನ್ನು ಕೈಬಿಡಲಾರೆ ಎಂದರು. ಏಪ್ರಿಲ್ ಕೊನೆಯಲ್ಲಿ ಕೈಬಿಟ್ಟರು, ಮೇ 31ಕ್ಕೆ ಚರ್ಚಿನ ಸದಸ್ಯತ್ವವನ್ನೂ ಬಿಟ್ಟರು. ಏಳು ವರ್ಷಗಳ ನಂತರ ಚಾರ್ಲ್ಸ್‌ಟನ್ನಿನ ಎಮಾನ್ಯುಯೆಲ್ ಚರ್ಚಿನಲ್ಲಿ, ಸತ್ಯವೇದ ಅಧ್ಯಯನಕ್ಕೆ ಕೂತಿದ್ದ ಒಂಬತ್ತು ಜನರನ್ನು ಬಿಳಿಯ ಯುವಕನೊಬ್ಬ ಗುಂಡಿಕ್ಕಿ ಕೊಂದ. ಸತ್ತವರಲ್ಲಿ ಸಭಾಪಾಲಕ ಕ್ಲೆಮೆಂಟಾ ಪಿಂಕ್ನಿಯೂ ಒಬ್ಬರು. ಅವರು ರಾಜ್ಯದ ಸೆನೆಟ್ ಸದಸ್ಯರೂ ಆಗಿದ್ದರು. ಸಭಾಪಾಲಕರು ಶಾಸಕರೂ ಆಗಿರುವುದು ಹೇಗೆ ಎಂದು ಕೇಳುವವರಿಗೆ, ನಮ್ಮ ಕರೆ ಚರ್ಚಿನ ಗೋಡೆಗಳ ಒಳಗೆ ಮಾತ್ರ ಇಲ್ಲ ಎಂಬ ಪಿಂಕ್ನಿ ಅವರ ಉತ್ತರವನ್ನು ಒಬಾಮಾ 2015ರ ಜೂನ್ 26ರಂದು, ಅವರ ಅಂತ್ಯಕ್ರಿಯೆಯ ಭಾಷಣದಲ್ಲಿ ಇಡೀ ದೇಶದೆದುರು ಎತ್ತಿ ಹೇಳಿದರು. ಆ ಮಾತನ್ನು ಅವರು 2008ರ ಮೇ ತಿಂಗಳಲ್ಲಿ ತಮ್ಮ ಸ್ವಂತ ಚರ್ಚಿನ ಪರವಾಗಿಯೂ ಹೇಳಬಹುದಿತ್ತು. ಹೇಳಿದ್ದರೆ ಚುನಾವಣೆಯಲ್ಲಿ ಸೋಲುತ್ತಿದ್ದರೇನೋ; ಆದರೂ ಹೇಳಬೇಕಿತ್ತು ಎಂದೇ ನನಗೆ ಇಂದಿಗೂ ಅನ್ನಿಸುತ್ತದೆ.