ಒಂದು ‘ಕೇಳು’ ಬರೆಸಿ ಮೂರು ಕ್ರಿಯಾಪದ ಮುಗಿಸಬೇಡಿ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಪಕ್ಕದ ಮನೆ ಹುಡುಗಿಯ ಇಂಗ್ಲಿಷ್ ಟ್ಯೂಷನ್ ನೋಟ್‌ಬುಕ್ ಈಗಷ್ಟೇ ನೋಡಿದೆ. ಏಳನೇ ಕ್ಲಾಸು. ಹಿಯರ್ ಎದುರಿಗೆ ಕೇಳು, ಲಿಸನ್ ಎದುರಿಗೆ ಕೇಳು, ಆಸ್ಕ್ ಎದುರಿಗೂ ಕೇಳು. ಅದರ ಕೆಳಗೆ ಅವಳ ವಾಕ್ಯ, ‘ಹಿ ಸೆಡ್ ಮಿ’. ಅದನ್ನು ಕೆಂಪು ಪೆನ್ನಲ್ಲಿ ‘ಹಿ ಟೋಲ್ಡ್ ಟು ಮಿ’ ಅಂತ ತಿದ್ದಿ ಟಿಕ್ ಹಾಕಿದ್ದಾರೆ. ಒಂದು ತಪ್ಪು ತೆಗೆದು ಇನ್ನೊಂದನ್ನು ಕೂರಿಸಿದ್ದಾರೆ. ಸಿಟ್ಟು ಇನ್ನೂ ಇಳಿದಿಲ್ಲ ನನಗೆ.

ತಪ್ಪು ಮಗುವಿನದಲ್ಲ. ಬರೀ ಅರ್ಥ ಬರೆಸಿ, ಆ ಪದ ಆದಮೇಲೆ ಏನು ಬರಬೇಕು ಅಂತ ಹೇಳಿಕೊಡದೇ ಇರುವವರದ್ದು.

ಟೆಲ್ ಆದ ತಕ್ಷಣ ಕೇಳಿಸಿಕೊಳ್ಳೋ ಆಳು ಬರಬೇಕು, ನಡುವೆ ಟು ಬೇಡ. ಟೋಲ್ಡ್ ಮಿ, ಟೋಲ್ಡ್ ಮೈ ಮದರ್. ಸೇ ಆದಮೇಲೆ ಬರೋದು ಆಡಿದ ಮಾತು; ಯಾರಿಗೆ ಅಂತ ಹೇಳಲೇಬೇಕಿದ್ದರೆ ಆಗ ಟು, ‘ಸೆಡ್ ಟು ಮಿ’. ನಮ್ಮ ‘ನನಗೆ’ಯಲ್ಲಿರುವ ‘ಗೆ’ ಕಂಡಲ್ಲೆಲ್ಲ ಟು ಅಂಟಿಸೋದರಿಂದಲೇ ‘ಟೋಲ್ಡ್ ಟು ಮಿ’ ಹುಟ್ಟೋದು. ‘ರೀಚ್ಡ್ ಟು ದಾದರ್’ ಕೂಡ ಹಾಗೇ ಬಂದದ್ದು. ‘ರೀಚ್ಡ್ ದಾದರ್’ ಅಂದರೆ ಮುಗೀತು. ಟೆಲ್ ದ ಟ್ರೂತ್, ಟೆಲ್ ಎ ಲೈ, ಟೆಲ್ ಎ ಸ್ಟೋರಿ ಇವುಗಳಲ್ಲಿ ಆಳಿಲ್ಲದೆಯೂ ನಡೆಯುತ್ತೆ. ಇವನ್ನು ಬಾಯಿಪಾಠ ಮಾಡಿಸಿ.

ಮಕ್ಕಳಿಗೆ ಇದು ಕಷ್ಟ ಅನ್ನಬೇಡಿ. ಇದೇ ಹುಡುಗಿ ಬಿಲ್ಡಿಂಗ್ ಕೆಳಗೆ ಆಡುವಾಗ ಮರಾಠಿಯಲ್ಲಿ ‘ತೋ ಮ್ಹಣಾಲಾ’ ಅಂತಾಳೆ, ‘ತ್ಯಾನೆ ಮಲಾ ಸಾಂಗಿತಲಂ’ ಅಂತಾಳೆ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಲ್ಲ. ಮೊದಲನೆಯದು ಹೆಚ್ಚುಕಡಿಮೆ ಸೇ, ಎರಡನೆಯದು ಟೆಲ್. ನಾಲಿಗೆಯ ಮೇಲೆ ಇರೋದನ್ನೇ ತೋರಿಸಿಕೊಟ್ಟರೆ ಸಾಕಿತ್ತು!

ಕನ್ನಡದಲ್ಲೂ ಏನು ಕಡಿಮೆ? ಹಿಯರ್ ಅಂದರೆ ಕಿವಿಗೆ ಬೀಳೋದು, ತಾನಾಗಿ ಕೇಳಿಸೋದು. ಲಿಸನ್ ಅಂದರೆ ಕಿವಿಗೊಡೋದು. ಯಾವುದಕ್ಕೆ ಕಿವಿಗೊಟ್ಟೆ? ಹಾಡಿಗೆ. ಇಲ್ಲಿ ‘ಗೆ’ಗೆ ಟು ಸರಿಯಾಗಿ ಕೂರುತ್ತೆ, ಲಿಸನ್ ಟು. ಹಿಯರ್‌ಗೆ ಅದು ಬೇಡ. ಲೋಕಲ್ ಟ್ರೈನಿನ ಗದ್ದಲದಲ್ಲಿ ಫೋನ್ ಎತ್ತಿ ‘ಐ ಆಮ್ ನಾಟ್ ಲಿಸನಿಂಗ್’ ಅಂದರೆ ಆ ಕಡೆ ಇರೋ ಮ್ಯಾನೇಜರ್‌ಗೆ ‘ನಿಮ್ಮ ಮಾತಿಗೆ ನಾನು ಗಮನ ಕೊಡ್ತಿಲ್ಲ’ ಅಂತ ಕೇಳಿಸುತ್ತೆ. ‘ಐ ಕಾಂಟ್ ಹಿಯರ್ ಯೂ’ ಅನ್ನಬೇಕು. ಹಾಗೆಯೇ ಸೀ ಅಂದರೆ ಕಾಣೋದು, ಲುಕ್ ಆಟ್ ಅಂದರೆ ಕಣ್ಣು ತಿರುಗಿಸಿ ನೋಡೋದು, ವಾಚ್ ಅಂದರೆ ಮ್ಯಾಚಿನಂಥದ್ದನ್ನು ನೋಡ್ತಾ ಕೂರೋದು.

‘ಅರ್ಥ ಆದರೆ ಸಾಕಲ್ವಾ?’ ಅಂತ ಯಾರಾದರೂ ಕೇಳೇ ಕೇಳ್ತೀರಿ. ತರಕಾರಿ ಮಾರ್ಕೆಟ್ಟಲ್ಲಿ ಸಾಕು. ಕುರ್ಲಾದ ನೂಕುನುಗ್ಗಲಲ್ಲಿ ಜೇಬಿಂದ ಮೊಬೈಲ್ ಹೋದಾಗ ‘ಮೈ ಫೋನ್ ವಾಸ್ ರಾಬ್ಡ್’ ಅಂತ ದೂರು ಬರೆದರೆ ಸಾಕಾಗಲ್ಲ. ಸ್ಟೀಲ್ ಆಗೋದು ವಸ್ತು. ರಾಬ್ ಆಗೋದು ಮನುಷ್ಯ ಅಥವಾ ಬ್ಯಾಂಕು, ಅಂಗಡಿ. ಅದರಲ್ಲಿ ಹೊಡೆತವೋ ಬೆದರಿಕೆಯೋ ಇರುತ್ತೆ. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳವಿಗೆ 303ನೇ ಕಲಂ, ರಾಬರಿಗೆ 309. ಕಾನೂನೇ ಬೇರೆ ಇಟ್ಟಿರೋದನ್ನು ನಾವು ‘ಕದಿಯೋದು’ ಅಂತ ಒಂದೇ ಪದ ಬರೆಸಿ ಮುಗಿಸ್ತೀವಿ.

ನೋಟ್‌ಬುಕ್‌ನಲ್ಲಿ ಎರಡು ಕಾಲಂ ಬದಲು ಮೂರು ಎಳೆಸಿ. ಪದ, ಅದಾದಮೇಲೆ ಬರೋದು, ಆ ದಿನ ಮಗುವೇ ಆಡಬಹುದಾದ ಒಂದು ವಾಕ್ಯ. ವಾರಕ್ಕೆ ಐದು ಪದ ಸಾಕು. ಹತ್ತು ಕೊಟ್ಟರೆ ಮತ್ತೆ ಅರ್ಥ ಬಾಯಿಪಾಠ ಮಾಡೋಕೆ ಶುರು ಮಾಡ್ತಾರೆ. ಆ ಕೆಂಪು ಟಿಕ್ ಹಾಕಿದವರು ಇದನ್ನು ಓದ್ತಿದ್ದರೆ, ದಯವಿಟ್ಟು ನಾಳೆಯೇ ಆ ‘ಟು’ ಹೊಡೆದುಹಾಕಿ.